ಹದಿನಾಲ್ಕು ಸೊನ್ನೆ

ಝುಯ್ ಎಂದು ಒಂದೇ ಎಳೆಯಲ್ಲಿ ಹಾಡುತ್ತಿದ್ದ ಕೈಮೋಟರು ಇದ್ದಕ್ಕಿದ್ದಂತೆ ಗಂಟಲು ಕಟ್ಟಿದ ಹಾಗೆ ಗೊರಗುಟ್ಟಿತು. ಹಲ್ಲಕ್ಕ ಕೈ ಹಿಂದಕ್ಕೆಳೆದುಕೊಂಡಳು. ಆ ಸದ್ದಿನ ಅರ್ಥ ಅವಳಿಗೆ ಚೆನ್ನಾಗಿ ಗೊತ್ತು. ಉಜ್ಜುವ ತುದಿ ಸೆಟ್ಟಿನ ಗುಲಾಬಿ ಒಸಡನ್ನು ಬಿಟ್ಟು ಹಲ್ಲಿನ ಬುಡಕ್ಕೆ ತಾಗಿದೆ. ಇಪ್ಪತ್ತೆರಡು ವರ್ಷ ಜನರಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟ ಕೈ ಹೀಗೆ ಜಾರಿದ್ದು ಅಪರೂಪ. ಇವತ್ತು ಬೆಳಗಿನಿಂದ ಇದು ಎರಡನೆಯ ಸಲ.

"ಏನಕ್ಕ, ಹಲ್ಲಿನ ಮೇಲೆ ಸಿಟ್ಟಾ?" ಗಾಜಿನ ಗೋಡೆಯ ಆಚೆಯಿಂದ ಪುಡಿ ಸಾಹುಕಾರ ಕೇಳಿದ.

"ಹಲ್ಲಿನ ಮೇಲಲ್ಲ," ಎಂದಳು.

ಈ ಲ್ಯಾಬಿನ ಯಜಮಾನನಿಗೆ ಆ ಹೆಸರಿಟ್ಟವಳು ಅವಳೇ. ನಾಲ್ಕು ವರ್ಷದ ಹಿಂದೆ ಅವನು ಸ್ಕೂಟರಿನ ಮೇಲೆ ಪ್ಲಾಸ್ಟರ್ ಪುಡಿಯ ಮೂಟೆ ಹೇರಿಕೊಂಡು ಲ್ಯಾಬಿನಿಂದ ಲ್ಯಾಬಿಗೆ ತಿರುಗುತ್ತಿದ್ದ. ಅವಳ ಬಾಗಿಲಲ್ಲಿ ನಿಂತು "ಅಕ್ಕ, ಎರಡು ಮೂಟೆ ಇಳಿಸ್ಲಾ, ದುಡ್ಡು ನಿಧಾನಕ್ಕೆ ಕೊಡಿ" ಎನ್ನುತ್ತಿದ್ದ. ಅವಳ ಲ್ಯಾಬು ಹರಾಜಿಗೆ ಬಂದ ದಿನ ಮೇಜು, ಮೋಟರು, ಒಲೆ, ಹಲ್ಲು ಕಡೆಯುವ ಯಂತ್ರ ಎಲ್ಲವನ್ನೂ ಅರ್ಧಕ್ಕೂ ಕಡಿಮೆ ಬೆಲೆಗೆ ಎತ್ತಿದ. ಆಮೇಲೆ ತಿಂಗಳ ಸಂಬಳದ ಮೇಲೆ ಅವಳನ್ನೂ ಎತ್ತಿದ. ಈಗ ಅವಳು ತನ್ನದೇ ಮೇಜಿನ ಮುಂದೆ, ತನ್ನದೇ ಮೋಟರು ಹಿಡಿದು, ಇನ್ನೊಬ್ಬನ ಹೆಸರಿನ ಹಲ್ಲು ಮಾಡುತ್ತಾಳೆ. ಮೇಜಿನ ಎಡಮೂಲೆಯಲ್ಲಿ ಸ್ಪಿರಿಟ್ ದೀಪ ಸುಟ್ಟ ಕಪ್ಪು ಕಲೆಯೂ ಅವಳದೇ.

ರಸ್ತೆಗೆ ಬೆನ್ನು ಹಾಕಿದ ಉದ್ದ ಕೋಣೆ ಅದು. ಒಂದೇ ಕಿಟಕಿ. ಗೋಡೆಯುದ್ದಕ್ಕೂ ಹಲಗೆಗಳು, ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು. ನೂರಾರು ಬೊಚ್ಚುಬಾಯಿಗಳು ಸಾಲಾಗಿ ಕೂತು ಏನೋ ಹೇಳಲು ಹೊರಟು ಮರೆತಂತೆ ಕಾಣುತ್ತವೆ. ಎಲ್ಲದರ ಮೇಲೂ ಬಿಳಿ ಧೂಳು. ಸಂಜೆ ಮನೆಗೆ ಹೋಗುವ ಹೊತ್ತಿಗೆ ಅವಳ ಹುಬ್ಬಿಗೂ ವಯಸ್ಸಾಗಿರುತ್ತದೆ.

ಅವಳ ಕೈಯ ಹಲ್ಲಿಗೆ ಒಂದು ಗುರುತಿತ್ತು. ಕೆಳಸಾಲಿನ ನಡುವಿನ ನಾಲ್ಕರಲ್ಲಿ ಒಂದನ್ನು ಕೂದಲೆಳೆಯಷ್ಟು ಓರೆ ಕೂರಿಸುತ್ತಿದ್ದಳು. ನೆಟ್ಟಗೆ ನಿಂತ ಹಲ್ಲು ನಾನು ಅಂಗಡಿಯದು ಅನ್ನುತ್ತೆ, ಓರೆ ಹಲ್ಲು ನಾನು ಇವನದೇ ಅನ್ನುತ್ತೆ ಎನ್ನುವುದು ಅವಳ ವಾದ. ಎಷ್ಟೋ ಮುದುಕರು ಅವಳ ಸೆಟ್ಟು ಹಾಕಿಕೊಂಡು ಕನ್ನಡಿ ನೋಡಿ ಅತ್ತಿದ್ದಾರೆ. ಅವರಿಗೆ ಸಿಕ್ಕಿದ್ದು ಹೊಸ ಹಲ್ಲಲ್ಲ, ಕಳೆದುಹೋಗಿದ್ದ ಮುಖ.

ಅಂಥ ಕೈ ಇವತ್ತು ಎರಡು ಸಲ ಜಾರಿದ್ದು ಏಪ್ರನ್ನಿನ ಜೇಬಿನಲ್ಲಿದ್ದ ಕಾಗದದಿಂದ. ಅದು ನಿನ್ನೆ ದಿವಾಳಿ ಕಚೇರಿಯಿಂದ ಬಂದಿತ್ತು. ಬರುವ ಒಂದನೇ ತಾರೀಖಿನಿಂದ ನಿಮ್ಮ ಸಂಬಳದಲ್ಲಿ ತಿಂಗಳಿಗೆ ಹನ್ನೊಂದೂವರೆ ಸಾವಿರ ಕಟ್ಟತಕ್ಕದ್ದು, ಆಕ್ಷೇಪವಿದ್ದಲ್ಲಿ ಗುರುವಾರ ಹನ್ನೊಂದು ಗಂಟೆಗೆ ಖುದ್ದು ಹಾಜರಾಗತಕ್ಕದ್ದು ಎಂದಿತ್ತು. ಅವಳ ಸಂಬಳ ಮೂವತ್ತು ಸಾವಿರ. ಹರಾಜಾದ ಮೇಲಿನ ನಾಲ್ಕು ತಿಂಗಳು ತಾತ್ಕಾಲಿಕವೆಂದು ಐದು ಸಾವಿರ ಹಿಡಿಯುತ್ತಿದ್ದರು. ಅದನ್ನು ಹಲ್ಲು ಕಚ್ಚಿ ತಡೆದುಕೊಂಡಿದ್ದಳು. ಹನ್ನೊಂದೂವರೆ ಎಂದರೆ ಕಚ್ಚಲು ಹಲ್ಲೂ ಉಳಿಯುವುದಿಲ್ಲ.

ಅವಳು ಮುಳುಗಿದ ಬಗೆಯಲ್ಲಿ ಗುಟ್ಟೇನೂ ಇರಲಿಲ್ಲ. ಮಗಳು ಮೂರನೇ ತರಗತಿಯಲ್ಲಿದ್ದಾಗ ಗಂಡ ತೀರಿಕೊಂಡ. ಅಲ್ಲಿಯವರೆಗೆ ಬೇರೆಯವರ ಲ್ಯಾಬಿನಲ್ಲಿ ದುಡಿದವಳು ಆಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಲ್ಯಾಬು ಶುರು ಮಾಡಿದಳು, ಮೂರು ವರ್ಷದಲ್ಲಿ ಬೇರೆ ಕಟ್ಟಡಕ್ಕೆ ಹೋದಳು. ಕಾಲ ಬದಲಾಯಿತು. ಕಂಪ್ಯೂಟರ್ ಹೇಳಿದಂತೆ ಹಲ್ಲು ಕಡೆಯುವ ಯಂತ್ರವಿಲ್ಲದ ಲ್ಯಾಬಿಗೆ ಕೆಲಸ ಕಳಿಸಲ್ಲ ಎಂದರು ಡಾಕ್ಟರುಗಳು. ಸಾಲ ಮಾಡಿ ಯಂತ್ರ ತಂದಳು. ಯಂತ್ರದ ಕಂತು ಐದನೇ ತಾರೀಖಿಗೆ ತಪ್ಪದೆ ಬರುತ್ತಿತ್ತು. ಡಾಕ್ಟರುಗಳ ದುಡ್ಡಿಗೆ ತಾರೀಖೇ ಇರಲಿಲ್ಲ. ಅದರಲ್ಲೂ ಮೂರು ಮಹಡಿ ಆಸ್ಪತ್ರೆಯ ದೊಡ್ಡ ಡಾಕ್ಟರು ಎರಡು ವರ್ಷ ಕೆಲಸ ಮಾಡಿಸಿಕೊಂಡು "ಮುಂದಿನ ತಿಂಗಳು ನೋಡೋಣ" ಎನ್ನುತ್ತಲೇ ಮೂರು ಲಕ್ಷ ಇಪ್ಪತ್ತು ಸಾವಿರ ಬಾಕಿ ಉಳಿಸಿದ್ದರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕೊನೆಗೆ ಅವಳು ದಿವಾಳಿಯಾದಳು. ಡಾಕ್ಟರು ನಾಲ್ಕನೇ ಮಹಡಿ ಕಟ್ಟಿಸಿದರು.

ದಿವಾಳಿ ಎಂದರೆ ಎಲ್ಲ ಮುಗಿಯಿತು ಎಂದುಕೊಂಡಿದ್ದಳು. ಅದು ಶುರುವಾಗುವುದೇ ಆಮೇಲೆ. ಮೂರು ವರ್ಷ ಅವಳ ಸಂಬಳಕ್ಕೆ ಕಚೇರಿಯೂ ಒಬ್ಬ ಪಾಲುದಾರ. ಮನೆ ನಡೆಸಲು ಇಷ್ಟು ಬೇಕು ಎಂದು ಅವರು ನಿಗದಿ ಮಾಡುತ್ತಾರೆ, ಉಳಿದದ್ದು ಸಾಲ ಕೊಟ್ಟವರಿಗೆ. ಆ ಇಷ್ಟು ಎಷ್ಟೆಂದು ತಿಳಿಯಲು ಹನ್ನೆರಡು ಪುಟದ ಒಂದು ಫಾರಂ ಕೊಟ್ಟಿದ್ದರು.

ತಪ್ಪು ಆಗಿದ್ದು ಅಲ್ಲಿ.

ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯ ಮೇಜಿನ ಮೇಲೆ ಫಾರಂ ಹರಡಿಕೊಂಡು ಕೂತಿದ್ದಳು. ಹಿಂದಿನ ಮೂರು ತಿಂಗಳ ಖರ್ಚು ಬರೆಯಿರಿ ಎಂದಿತ್ತು. ಅವಳ ಬಳಿ ಪ್ರತಿಯೊಂದಕ್ಕೂ ಚೀಟಿ ಇತ್ತು. ಹಲ್ಲಿನ ಕೆಲಸದಲ್ಲಿ ಸುಮಾರು ಎನ್ನುವ ಮಾತಿಲ್ಲ. ಸುಮಾರಾಗಿ ಅಳೆದ ಸೆಟ್ಟು ಊಟಕ್ಕೆ ಕೂತಾಗ ತಟ್ಟೆಗೆ ಬೀಳುತ್ತದೆ. ಹಾಗಾಗಿ ಇದ್ದದ್ದನ್ನು ಇದ್ದಂತೆ ಬರೆದಳು. ಆದರೆ ಅವು ಲ್ಯಾಬು ಮುಳುಗುತ್ತಿದ್ದ ತಿಂಗಳುಗಳು. ಬಸ್ಸು ಬಿಟ್ಟು ನಡೆದಿದ್ದರು. ಕೂದಲನ್ನು ಒಬ್ಬರಿಗೊಬ್ಬರು ಕತ್ತರಿಸಿಕೊಂಡಿದ್ದರು. ವಾರಕ್ಕೆರಡು ದಿನ ಅವಳ ಅಕ್ಕನ ಮನೆಯಲ್ಲಿ, ಹೀಗೇ ಬಂದ್ವಿ ಎಂದು ನಗುತ್ತಾ ಹೋಗಿ ಊಟ ಮಾಡಿದ್ದರು. ಜ್ವರ ಬಂದರೆ ಮಲಗಿದ್ದರು. ಬಸ್ಸು: ಸೊನ್ನೆ. ಕ್ಷೌರ: ಸೊನ್ನೆ. ಔಷಧ: ಸೊನ್ನೆ. ಬಟ್ಟೆ, ಚಪ್ಪಲಿ, ರಿಪೇರಿ, ಉಡುಗೊರೆ, ಪತ್ರಿಕೆ: ಸೊನ್ನೆ. ಮಗಳ ಪರೀಕ್ಷೆಯ ಫಲಿತಾಂಶ ಆಗಿನ್ನೂ ಬಂದಿರಲಿಲ್ಲವಾದ್ದರಿಂದ ಶಿಕ್ಷಣದ ಮುಂದೆಯೂ ಸೊನ್ನೆ. ಇಂಥವೇ ಇನ್ನೂ ಐದು ಸೇರಿ ಒಟ್ಟು ಹದಿನಾಲ್ಕು.

ಮಗಳು ಹೆಗಲ ಮೇಲಿಂದ ಬಗ್ಗಿ ನೋಡಿ, "ಅಮ್ಮಾ, ತರಕಾರಿಗೆ ಇಷ್ಟೇನಾ? ಸ್ವಲ್ಪ ಮೇಲೆ ಬರಿ. ಎಲ್ಲರೂ ಮೇಲೇ ಬರೀತಾರಂತೆ," ಎಂದಿದ್ದಳು.

"ಸುಳ್ಳು ಹಲ್ಲು ಮಾಡ್ತೀನಿ, ಸುಳ್ಳು ಲೆಕ್ಕ ಬರಿಯಲ್ಲ."

"ಚಪ್ಪಲಿಗೆ ಸೊನ್ನೆ ಹಾಕಿದೀಯ. ನಿನ್ನ ಚಪ್ಪಲಿ ನೋಡ್ಕೊಂಡಿದೀಯಾ? ಹಿಮ್ಮಡಿ ನೆಲ ಮುಟ್ತಿದೆ."

"ಕೊಂಡಿಲ್ಲ ತಾನೇ? ಸುಮ್ನಿರು."

ಕೊನೆಯ ಪುಟದಲ್ಲಿ, ಮನೆಯ ಇತರರು ಏನಾದರೂ ಕೊಡುತ್ತಾರೆಯೇ ಎಂಬ ಪ್ರಶ್ನೆ ಇತ್ತು. ಮಗಳು ಶನಿವಾರ ಭಾನುವಾರ ಒಂದು ಶೂ ಅಂಗಡಿಯಲ್ಲಿ ನಿಲ್ಲುತ್ತಿದ್ದಳು. ತಿಂಗಳಿಗೆ ಒಂದೂವರೆ ಸಾವಿರ ತಂದು ಅಮ್ಮನ ಕೈಗೆ ಹಾಕುತ್ತಿದ್ದಳು. ಅದನ್ನೂ ಬರೆದಳು. ಬರೆದು, ಸಹಿ ಹಾಕಿ, ಎಷ್ಟೋ ದಿನದ ಮೇಲೆ ಎದೆ ಹಗುರಾದಂತೆ ನಿಟ್ಟುಸಿರು ಬಿಟ್ಟಿದ್ದಳು. ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಕಚೇರಿಯವರು ಅವಳ ಸೊನ್ನೆಗಳನ್ನು ಒಂದೂ ಬಿಡದೆ ನಂಬಿದ್ದರು. ಈ ಕುಟುಂಬಕ್ಕೆ ಹದಿನೆಂಟು ಸಾವಿರ ಸಾಕು, ಸಂಕಷ್ಟಕ್ಕೆಂದು ಮೇಲೆ ಎರಡು ಸಾವಿರ, ಉಳಿದ ಹತ್ತು ನಮಗೆ. ಮಗಳ ಕೊಡುಗೆ ಒಂದೂವರೆ, ಅದೂ ನಮಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಲೆಕ್ಕ.

ಕಾಗದ ಬಂದ ಸಂಜೆ ಮಗಳು ಅದನ್ನು ಎರಡು ಸಲ ಓದಿ ಮಡಚಿಟ್ಟಳು. ಈ ನಾಲ್ಕು ತಿಂಗಳಲ್ಲಿ ಅವಳು ಪಾಲಿಟೆಕ್ನಿಕ್ ಸೇರಿದ್ದಳು. ಅರ್ಧ ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರ ಫೀಸು, ಅಂದರೆ ತಿಂಗಳಿಗೆ ನಾಲ್ಕು ಸಾವಿರ ಎತ್ತಿಡಬೇಕು. ಮೊದಲ ಅರ್ಧದ್ದು ದೊಡ್ಡಮ್ಮನ ಬಳೆ ಕಟ್ಟಿತ್ತು. ದೊಡ್ಡಮ್ಮನಿಗೆ ಇನ್ನೊಂದು ಬಳೆ ಇರಲಿಲ್ಲ.

"ಶೂ ಅಂಗಡಿಯವ್ರು ಪೂರ್ತಿ ಕೆಲಸಕ್ಕೆ ಬಾ ಅಂತಿದಾರೆ," ಎಂದಳು ಮಗಳು, ಪಾತ್ರೆ ಒರೆಸುತ್ತಾ. "ಒಂದನೇ ತಾರೀಖಿಂದ."

"ಕಾಲೇಜು?"

"ಮೂರು ವರ್ಷ ಬಿಟ್ಟು ಸೇರಿದ್ರಾಯ್ತು. ನೀನು ಬಿಡುಗಡೆ ಆದ್ಮೇಲೆ."

"ಬಿಡುಗಡೆ ಆದ್ಮೇಲೆ. ಜೈಲಲ್ಲಿದೀನಾ ನಾನು?"

"ಹಾಗಂದ್ನಾ ನಾನು?"

"ಮೂರು ವರ್ಷ ಜನರ ಕಾಲಿಗೆ ಶೂ ತೊಡಿಸಿದೋಳು ಆಮೇಲೆ ಪುಸ್ತಕ ಹಿಡೀತೀಯಾ? ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾಗತ್ತೆ."

"ಹಲ್ಲಿಗೇನು ಬಿಡು, ನೀನಿದೀಯಲ್ಲ," ಎಂದು ಮಗಳು ನಗಿಸಲು ನೋಡಿದಳು.

ಹಲ್ಲಕ್ಕ ನಗಲಿಲ್ಲ. ಮಗಳು ಅತ್ತಿದ್ದರೆ ತಡೆದುಕೊಳ್ಳಬಹುದಿತ್ತು. ಹದಿನೆಂಟು ವರ್ಷದ ಹುಡುಗಿ ಅಮ್ಮನ ಮೇಲೆ ಕನಿಕರದಿಂದ ತಮಾಷೆ ಮಾಡುತ್ತಿರುವುದನ್ನು ತಡೆದುಕೊಳ್ಳಲಾಗಲಿಲ್ಲ. ಮನಸ್ಸಿನಲ್ಲೇ ಕೂಡಿಸಿ ಕಳೆದು ನೋಡಿದಳು. ಹಬೆಯಾಡುವ ಅನ್ನ, ಬಸ್ಸು, ಒಂದು ಜೊತೆ ಚಪ್ಪಲಿ ಇರುವ ಮನೆಗೆ ಈಗ ಇಪ್ಪತ್ತು ಸಾವಿರ ಬೇಕು. ಫೀಸಿಗೆ ನಾಲ್ಕು. ಕಚೇರಿಗೆ ಆರು ಕೊಡಬಹುದು. ಆರಕ್ಕೆ ಇಳಿಸಿಕೊಂಡು ಬಂದರೆ ಮಗಳು ಕಾಲೇಜಿನಲ್ಲಿರುತ್ತಾಳೆ, ಇಲ್ಲದಿದ್ದರೆ ಇಲ್ಲ.

ಗುರುವಾರ ಕಚೇರಿಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಒಬ್ಬ ಟ್ಯಾಕ್ಸಿಯವನು ಕೂತಿದ್ದ. ಖಾಕಿ ಅಂಗಿಯ ಜೇಬಿನಲ್ಲಿ ಅವಳದರಂಥದೇ ಕಾಗದ.

"ನಿಮ್ಗೆ ಎಷ್ಟು ಹಾಕಿದಾರಕ್ಕ?"

"ಹನ್ನೊಂದೂವರೆ."

ಅವನು ಬಾಯಿ ಚಪ್ಪರಿಸಿದ. "ಸತ್ಯ ಬರ್ದಿರ್ಬೇಕು ನೀವು. ನಂಗೆ ಮೂರು. ನಾಯಿ ಊಟಕ್ಕೆ ಅಂತ್ಲೇ ತಿಂಗಳಿಗೆ ಎಂಟುನೂರು ಬರ್ದೆ."

"ಎಷ್ಟು ದೊಡ್ಡ ನಾಯಿ ಅದು?"

"ನಾಯಿ ಎಲ್ಲಿದೆ ಅಕ್ಕ, ಇಲ್ಲ."

"ಒಪ್ಪಿದ್ರಾ?"

"ಲಸಿಕೆ ಹಾಕ್ಸಿದೀರಾ ಅಂತ ಕೇಳಿದ್ರು. ಇಲ್ಲ ಅಂದೆ. ಪಾಪ, ಅದಕ್ಕೂ ಇನ್ನೂರು ಸೇರ್ಸಿದ್ರು."

ಇನ್ನೊಂದು ದಿನವಾಗಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಈಗ, ಇಲ್ಲದ ನಾಯಿಗೆ ಸಾವಿರ ಸಿಕ್ಕಿದೆ, ಇರುವ ಮಗಳಿಗೆ ಸೊನ್ನೆ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಅದಕ್ಕೆ ಕಾರಣ ತಾನೇ ಎಂಬುದು ಅದರ ಹಿಂದೆಯೇ ತಿರುಗುತ್ತಿತ್ತು.

ಕಚೇರಿಯ ಮೇಡಂ ಅವಳಿಗಿಂತ ಹತ್ತು ವರ್ಷ ಚಿಕ್ಕವಳು. ಮೆಲ್ಲನೆಯ ದನಿ. ಮೇಜಿನ ಮೇಲೆ ಒಂದು ಪುಟ್ಟ ಗಿಡ, ಅದರ ಪಕ್ಕ ಫೈಲುಗಳ ಗೋಪುರ.

"ಕೂತ್ಕೊಳಿ. ನಿಮ್ಮಷ್ಟು ಅಚ್ಚುಕಟ್ಟಾಗಿ ಫಾರಂ ತುಂಬಿದೋರನ್ನ ನಾನು ನೋಡೇ ಇಲ್ಲ. ಪ್ರತಿಯೊಂದಕ್ಕೂ ಚೀಟಿ."

"ಅದಕ್ಕೇ ಶಿಕ್ಷೆ ಕೊಟ್ರಾ?"

ಮೇಡಂ ತಲೆಯೆತ್ತಿದಳು. "ಶಿಕ್ಷೆ ಅಲ್ಲ. ನೀವೇ ಬರೆದಿದ್ದು. ಹದಿನೆಂಟು ಸಾವಿರದಲ್ಲಿ ಮನೆ ನಡೆದಿದೆ."

"ಅದು ಅಂಗಡಿ ಮುಳುಗ್ತಿದ್ದ ಮೂರು ತಿಂಗಳು ಮೇಡಂ. ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕ್ಕೊಂಡು ಕೂತಿದ್ವಿ."

"ಆದ್ರೂ ನಡೀತಲ್ಲ."

"ನೀರಲ್ಲಿ ಮುಳುಗಿದೋನು ಎರಡು ನಿಮಿಷ ಉಸಿರು ಬಿಗಿಹಿಡೀತಾನೆ. ಅದನ್ನ ನೋಡಿ, ಪರವಾಗಿಲ್ಲ, ಇನ್ನು ಮೂರು ವರ್ಷ ಹಾಗೇ ಇರು ಅನ್ನೋದಾ?"

ಮೇಡಂ ಫಾರಂ ತಿರುವಿದಳು. "ಕ್ಷೌರಕ್ಕೆ ಸೊನ್ನೆ ಬರೆದಿದೀರಿ. ಈಗ ಬೇಕು ಅಂತ ಅರ್ಜಿ ಕೊಟ್ಟಿದೀರಿ. ಈ ನಾಲ್ಕು ತಿಂಗಳಲ್ಲಿ ಏನು ಬದಲಾಯ್ತು?"

"ಕೂದಲು ಬೆಳೀತು ಮೇಡಂ."

ಮೇಡಮ್ಮಿನ ತುಟಿಯಂಚು ಒಂದಿಷ್ಟು ಅಲುಗಿತು. ಪೆನ್ನು ತೆಗೆದು ಬಸ್ಸು, ಚಪ್ಪಲಿ, ಕ್ಷೌರ ಈ ಮೂರಕ್ಕೆ ಪಟ್ಟಿಯ ಪ್ರಕಾರ ಒಟ್ಟು ಸಾವಿರದ ನಾನೂರು ಬರೆದಳು. ಮಗಳು ಓದುತ್ತಿದ್ದಾಳೆ ಎಂಬ ಚೀಟಿ ನೋಡಿ ಅವಳ ಒಂದೂವರೆ ಸಾವಿರವನ್ನು ಹೊಡೆದುಹಾಕಿದಳು. ಹನ್ನೊಂದೂವರೆ ಹೋಗಿ ಎಂಟು ಸಾವಿರದ ಆರುನೂರಾಯಿತು.

"ಕಾಲೇಜು ಬಿಡಿಸಿ ಕೆಲಸಕ್ಕೆ ಕಳಿಸಿದ್ರೆ ಅವಳ ದುಡ್ಡನ್ನ ಮತ್ತೆ ಸೇರಿಸ್ಬೇಕಾಗತ್ತೆ, ನೆನಪಿರ್ಲಿ. ಅವಳು ಮನೆಗೆ ಕೊಡೋದ್ರಲ್ಲಿ ನಮ್ಮ ಪಾಲು ಇರತ್ತೆ."

"ಅಂದ್ರೆ ಓದ್ಸೋಕೂ ದುಡ್ಡಿಲ್ಲ, ದುಡಿಸಿದ್ರೂ ದುಡ್ಡು ಉಳಿಯಲ್ಲ. ಇನ್ನೂ ಎರಡು ಸಾವಿರದ ಆರುನೂರು ಇಳಿಸಿ. ಫೀಸು ಕಟ್ತೀನಿ."

"ಹದಿನೆಂಟು ತುಂಬಿದ ಮಕ್ಕಳ ಓದು ಅವಶ್ಯಕ ಖರ್ಚಲ್ಲ. ಸಾಲ ಕೊಟ್ಟವರು ಒಪ್ಪಿದ್ರೆ ಮಾತ್ರ. ಅವರು ಒಪ್ಪಲ್ಲ. ಹರಾಜಲ್ಲಿ ಅವರಿಗೆ ಹೆಚ್ಚೇನೂ ಸಿಕ್ಕಿಲ್ಲ, ಕುದಿತಾ ಇದಾರೆ. ಎಲ್ಲಿಂದಾದ್ರೂ ಒಂದು ದೊಡ್ಡ ಮೊತ್ತ ಬಂದಿದ್ರೆ ನಾನೇ ಕೇಳಬಹುದಿತ್ತು."

"ಬರ್ಬೇಕಾಗಿದೆಯಲ್ಲ. ದೊಡ್ಡ ಡಾಕ್ಟರ ಹತ್ರ ಮೂರು ಲಕ್ಷ ಇಪ್ಪತ್ತು ಸಾವಿರ. ಫಾರಮ್ಮಲ್ಲಿ ಅದನ್ನೂ ಬರೆದಿದೀನಿ."

"ಕಾಗದ ಹಾಕಿದ್ವಿ. ಉತ್ತರ ಬಂದಿದೆ." ಮೇಡಂ ಒಂದು ಹಾಳೆಯನ್ನು ಅವಳ ಕಡೆ ತಿರುಗಿಸಿದಳು.

ದಪ್ಪ ಕಾಗದ, ಮೇಲೆ ಆಸ್ಪತ್ರೆಯ ಚಿತ್ರ. ಸದರಿ ತಂತ್ರಜ್ಞೆ ಒದಗಿಸಿದ ದಂತಪಂಕ್ತಿಗಳು ರೋಗಿಗಳ ಬಾಯಿಗೆ ಸರಿಯಾಗಿ ಕೂರದೆ, ಮರುಕೆಲಸಕ್ಕೆ ನಮ್ಮಿಂದಲೇ ವೆಚ್ಚವಾಗಿರುವುದರಿಂದ, ಯಾವುದೇ ಬಾಕಿ ಇರುವುದಿಲ್ಲ.

ಒಂದು ಸಲ ಓದಿದಳು. ಬೆರಳಿಟ್ಟು ಇನ್ನೊಂದು ಸಲ ಓದಿದಳು. ದಿವಾಳಿ ಎಂದು ಪತ್ರಿಕೆಯಲ್ಲಿ ಹಾಕಿದಾಗ, ಮನೆಗೆ ಬಂದು ಗಡಿಯಾರದ ಮೇಲೂ ಜಪ್ತಿಯ ಚೀಟಿ ಅಂಟಿಸಿದಾಗ, ತನ್ನ ಮೋಟರನ್ನು ಪುಡಿ ಸಾಹುಕಾರ ಆನ್ ಮಾಡಿ ಆಫ್ ಮಾಡಿ ಪರೀಕ್ಷಿಸಿದಾಗ ಆಗದಿದ್ದದ್ದು ಈಗ ಆಯಿತು. ಕಿವಿಯೊಳಗೆ ಗುಂಯ್ ಎಂದಿತು. ದುಡ್ಡು ಕೊಡಬೇಡ, ನುಂಗಿ ನೀರು ಕುಡಿ. ನನ್ನ ಹಲ್ಲು ಕೂರಲಿಲ್ಲ ಎನ್ನುತ್ತೀಯಾ.

"ಒಂದು ಸೆಟ್ಟೂ ವಾಪಸ್ ಬಂದಿಲ್ಲ ಮೇಡಂ. ಎರಡು ವರ್ಷದಲ್ಲಿ ಒಂದೂ."

"ನಾನು ನಂಬ್ತೀನಿ. ನನ್ನ ನಂಬಿಕೆಗೆ ಬೆಲೆ ಇಲ್ಲ. ಕೋರ್ಟಿಗೆ ಹೋಗೋಕೆ ಕಚೇರಿ ಹತ್ರ ಹಣ ಇಲ್ಲ. ಅವರದೇ ಕೈಬರಹ, ಅವರದೇ ಸಹಿ ಇರೋ ಏನಾದ್ರೂ ಇದ್ದಿದ್ರೆ ನೋಟಿಸು ಕೊಟ್ಟು ವಸೂಲಿಗೆ ಹಾಕಬಹುದಿತ್ತು."

"ನನ್ನ ಕೂದಲಿನ ಲೆಕ್ಕ ಕೇಳ್ತೀರಿ. ಮೂರು ಲಕ್ಷ ತಿಂದೋನು ಒಂದು ಸುಳ್ಳು ಬರೆದ್ರೆ ಫೈಲ್ ಮುಚ್ತೀರಿ."

ಮೇಡಂ ಗಿಡದ ಕಡೆ ನೋಡಿದಳು. "ನಾಳೆ ಐದು ಗಂಟೆಗೆ ನಾನು ಸಹಿ ಹಾಕಿ ಮೇಲೆ ಕಳಿಸ್ಬೇಕು. ಅಷ್ಟರೊಳಗೆ ಏನಾದ್ರೂ ತಂದ್ರೆ ನೋಡ್ತೀನಿ. ಆಮೇಲೆ ನನ್ನ ಕೈಲಿ ಇರಲ್ಲ."

ಆ ಸಂಜೆ ಮನೆಯಲ್ಲಿ ಮಂಚದ ಕೆಳಗಿನ ಟ್ರಂಕು ಎಳೆದು ಹಳೆಯ ಬಿಲ್ಲುಗಳನ್ನೆಲ್ಲ ನೆಲಕ್ಕೆ ಸುರಿದಳು. ಎಲ್ಲದರ ಮೇಲೂ ಇದ್ದದ್ದು ಅವಳ ಸಹಿ. ದೊಡ್ಡ ಡಾಕ್ಟರು ಯಾವತ್ತೂ ಬರೆದವರಲ್ಲ. ಫೋನಿನಲ್ಲಿ ಹೇಳುತ್ತಿದ್ದರು, ಅವಳು ಮಾಡುತ್ತಿದ್ದಳು. ಚೀಟಿ ಕೇಳಲು ಸಂಕೋಚ. ಅಷ್ಟು ದೊಡ್ಡವರನ್ನು ಹೇಗೆ ಕೇಳುವುದು ಎಂಬ ಮರ್ಯಾದೆ. ತನ್ನ ಕೆನ್ನೆಗೆ ತಾನೇ ಎರಡು ಬಿಟ್ಟುಕೊಳ್ಳಬೇಕು ಅನ್ನಿಸಿತು. ಮಗಳು ಬಾಗಿಲಲ್ಲಿ ನಿಂತು ನೋಡಿ, ಬಿಲ್ಲುಗಳನ್ನು ಆಯ್ದು ಟ್ರಂಕಿಗೆ ತುಂಬಿದಳು.

ಶುಕ್ರವಾರ ಊಟದ ಹೊತ್ತು ಮುಗಿದ ಮೇಲೆ ಪುಡಿ ಸಾಹುಕಾರ ಖುಷಿಯಿಂದ ಬಂದು ಅವಳ ಮೇಜಿನ ಮೇಲೆ ಒಂದು ಡಬ್ಬಿ ಇಟ್ಟ. ಒಳಗೆ ಬಾಯಿಯ ಅಚ್ಚು, ಜೊತೆಗೆ ಕೆಲಸದ ಚೀಟಿ.

"ಅಕ್ಕ, ದೊಡ್ಡ ಮೀನು ಬಿತ್ತು. ಇನ್ಮೇಲೆ ದೊಡ್ಡ ಡಾಕ್ಟ್ರ ಕೆಲಸ ಎಲ್ಲ ನಮ್ಗೇ. ಇದು ಅವರ ಅತ್ತೆದು. ಸೋಮವಾರಕ್ಕೆ ಬೇಕಂತೆ. ಇವತ್ತು ಸ್ವಲ್ಪ ಹೊತ್ತಾದ್ರೂ ಕೂತ್ಕೊಂಡು ಮೇಣದಲ್ಲಿ ಕಟ್ಬಿಡಿ. ಅವ್ರೇ ನೋಡೋಕೆ ಬರ್ತಿದಾರೆ."

ಅವಳು ಚೀಟಿ ತೆಗೆದುಕೊಂಡಳು. ಪುಡಿ ಸಾಹುಕಾರ ಬೇರೆ ಎಲ್ಲದರಲ್ಲಿ ಹೇಗೇ ಇರಲಿ, ಚೀಟಿಯ ವಿಷಯದಲ್ಲಿ ಬಿಗಿ: ಡಾಕ್ಟರು ಬರೆದು ಸಹಿ ಮೊಹರು ಹಾಕದೆ ಕೆಲಸ ಮುಟ್ಟುವಂತಿಲ್ಲ. ಚೀಟಿಗೆ ಮೂರು ಪ್ರತಿ. ಹಳದಿ ಡಾಕ್ಟರಿಗೆ, ಬಿಳಿ ಲ್ಯಾಬಿಗೆ, ಗುಲಾಬಿ ಕೆಲಸ ಮಾಡಿದ ಕೈಗೆ. ಸೆಟ್ಟು ಕೆಟ್ಟು ತಿರುಗಿ ಬಂದರೆ ಯಾರ ಸಂಬಳದಲ್ಲಿ ಹಿಡಿಯಬೇಕೆಂದು ತಿಳಿಯಲೆಂದೇ ಗುಲಾಬಿ ಪ್ರತಿಯನ್ನು ಕೆಲಸಗಾರರು ಇಟ್ಟುಕೊಳ್ಳಬೇಕು ಎಂದು ಅವನೇ ಗೋಡೆಗೆ ಬರೆದು ಅಂಟಿಸಿದ್ದ.

ಚೀಟಿಯ ಕೆಳಗೆ ಸೂಚನೆಯ ಜಾಗದಲ್ಲಿ ನೀಲಿ ಇಂಕಿನ ಓಡುಬರಹ ಇತ್ತು. ಹಿಂದೆ ನಮ್ಮ ಕೆಲಸ ಮಾಡುತ್ತಿದ್ದ ಅದೇ ಹೆಂಗಸಿನ ಕೈಯಲ್ಲಿ ಆಗಬೇಕು. ಎರಡು ವರ್ಷದಲ್ಲಿ ಅವರ ಸೆಟ್ಟು ಒಂದೂ ತಿರುಗಿ ಬಂದಿಲ್ಲ. ಬೇರೆಯವರಿಗೆ ಕೊಡಬೇಡಿ. ಸಹಿ. ಮೊಹರು. ನಿನ್ನೆಯ ತಾರೀಖು.

ಅವಳಿಗೆ ಖುಷಿಯಾಗಲಿಲ್ಲ. ಅವಮಾನ ಮಾಡುವಾಗ ಒಂದು ಕೈ, ಬೇಕಾದಾಗ ಇನ್ನೊಂದು ಕೈ. ಎರಡೂ ಒಂದೇ ದೇಹದವು, ಆದರೆ ಒಂದರ ನೆನಪು ಇನ್ನೊಂದಕ್ಕಿಲ್ಲ. ಇಷ್ಟು ಸಲೀಸಾಗಿ ಸುಳ್ಳು ಹೇಳುವವನಿಗೆ ತಾನು ಸುಳ್ಳು ಹೇಳಿದ್ದು ನೆನಪೂ ಇರುವುದಿಲ್ಲ. ಗುಲಾಬಿ ಪ್ರತಿಯನ್ನು ಬಿಡಿಸಿಕೊಂಡು ನಾಲ್ಕಾಗಿ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಗಡಿಯಾರದಲ್ಲಿ ಮೂರು ಹತ್ತು. ಕಚೇರಿಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ.

ಸ್ಪಿರಿಟ್ ದೀಪ ಆರಿಸಿ ಏಪ್ರನ್ನಿನ ಗಂಟು ಬಿಚ್ಚುವಷ್ಟರಲ್ಲಿ ಬಾಗಿಲಲ್ಲಿ ಸುಗಂಧ ಬಂತು, ಅದರ ಹಿಂದೆ ದೊಡ್ಡ ಡಾಕ್ಟರು ಬಂದರು. ಪುಡಿ ಸಾಹುಕಾರ ಓಡಿ ಹೋಗಿ ಕುರ್ಚಿ ಒರೆಸಿದ. ಡಾಕ್ಟರು ಕೂರಲಿಲ್ಲ. ನೇರ ಅವಳ ಮೇಜಿಗೆ ಬಂದರು.

"ಹಲ್ಲಕ್ಕ, ಚೆನ್ನಾಗಿದೀರಾ? ಸಣ್ಣ ಆಗಿದೀರಲ್ಲ."

"ಕಚೇರಿಯವರು ತೂಕ ಇಳಿಸ್ತಿದಾರೆ ಸಾರ್."

ಅವರು ನಕ್ಕರು. "ನಮ್ಮತ್ತೆ ಮೂರು ಸೆಟ್ಟು ಎಸೆದರು. ಒಂದೂ ಹಿಡಿಸಲ್ಲ. ನೀವು ಪಕ್ಕದ್ಮನೆ ಅಜ್ಜಿಗೆ ಮಾಡ್ಕೊಟ್ಟಿದ್ದು ನೋಡಿದಾರೆ, ಅದೇ ಕೈ ಬೇಕು ಅಂತ ಹಟ. ಮನೇಲಿ ನೆಮ್ಮದಿ ಇಲ್ಲ ನನಗೆ."

"ನನ್ನ ಹಲ್ಲು ಕೂರಲ್ಲ ಅಂತ ಬರ್ದಿದ್ರಿ."

"ಯಾವ್ದು? ಓ, ಅದಾ." ಡಾಕ್ಟರು ಪುಡಿ ಸಾಹುಕಾರನ ಕಡೆ ನೋಡಿ ದನಿ ತಗ್ಗಿಸಿದರು. "ಅದು ವಕೀಲರು ಬರೆಯೋ ಕಾಗದ. ಎಲ್ಲರಿಗೂ ಅದನ್ನೇ ಬರೀತಾರೆ. ಅದನ್ನೆಲ್ಲ ಮನಸ್ಸಿಗೆ ಹಚ್ಕೋಬಾರ್ದು. ನೋಡಿ, ನನಗೂ ಮನಸ್ಸಿದೆ. ಮಗಳನ್ನ ಓದಿಸ್ತಿದೀರಂತೆ. ಹಳೇ ಲೆಕ್ಕಕ್ಕೆ ಐವತ್ತು ಸಾವಿರ ಕೊಡ್ತೀನಿ. ಇವತ್ತೇ, ಕೈಗೆ. ರಸೀದಿ ಗಿಸೀದಿ ಬೇಡ. ಕಚೇರಿಗೂ ಹೇಳೋದು ಬೇಡ. ಹೇಳಿದ್ರೆ ಅವ್ರೇ ಬಾಚ್ಕೊಂಡು ಹೋಗ್ತಾರೆ, ನಿಮಗೇನು ಬಂತು?"

ಐವತ್ತು ಸಾವಿರ. ಅವಳು ಬೇಡವೆಂದರೂ ಮನಸ್ಸು ಲೆಕ್ಕ ಹಾಕಿಬಿಟ್ಟಿತು. ಒಂದು ವರ್ಷದ ಫೀಸು, ಮೇಲೆ ಎರಡು ಸಾವಿರ. ಒಂದು ಜೊತೆ ಚಪ್ಪಲಿ. ಡಾಕ್ಟರು ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ: ನೋಟಿಸು ಹೋಗಿ ಮೂರು ಲಕ್ಷ ಬಂದರೆ ಅದರಲ್ಲಿ ಒಂದು ಬಿಡಿಗಾಸೂ ಅವಳ ಕೈಗೆ ಬರುವುದಿಲ್ಲ. ಸಿಗುವುದು ಕಂತಿನಲ್ಲಿ ಇಳಿತ ಮಾತ್ರ, ಅದೂ ಮೇಡಂ ಕೇಳಿ ಅವರು ಒಪ್ಪಿದರೆ. ಇಲ್ಲಿ ನೋಟು ಎದುರಿಗೇ ಇದೆ. ಡಾಕ್ಟರ ಕೈ ಆಗಲೇ ಒಳಜೇಬಿಗೆ ಹೋಗಿತ್ತು. ಪುಡಿ ಸಾಹುಕಾರ ಕಣ್ಣಲ್ಲೇ ತಗೊಳ್ಳಿ ತಗೊಳ್ಳಿ ಎನ್ನುತ್ತಿದ್ದ.

ನನ್ನ ದುಡ್ಡನ್ನೇ ನನಗೆ ಲಂಚ ಕೊಡುತ್ತಿದ್ದಾನೆ ಎಂದುಕೊಂಡಳು. ಆ ಮಾತು ಮನಸ್ಸಿನಲ್ಲಿ ಮೂಡಿದ ಕೂಡಲೇ ಲೆಕ್ಕ ನಿಂತಿತು.

"ಕೆಳಸಾಲಿನ ನಡುವಿಂದು ಸ್ವಲ್ಪ ಓರೆ ಇರ್ಲಿ, ನೀವು ಮಾಡ್ತಿದ್ರಲ್ಲ ಹಾಗೆ," ಡಾಕ್ಟರು ಹೇಳುತ್ತಲೇ ಇದ್ದರು. "ನನಗೆ ಗೊತ್ತಿಲ್ವಾ ನಿಮ್ಮ ಕೈ? ಊರಲ್ಲಿ ಇನ್ನೊಬ್ರಿಗೆ ಇಲ್ಲ ಅದು. ನಾನು ಎಲ್ಲರ ಹತ್ರಾನೂ ಹೇಳ್ತೀನಿ..."

ಹಲ್ಲಕ್ಕ ಏಪ್ರನ್ ತೆಗೆದು, ಧೂಳು ಕೊಡವಿ, ಅಚ್ಚಿನ ಡಬ್ಬಿಯ ಮೇಲೆ ಹಾಸಿದಳು. ಮೇಜಿನ ಕೆಳಗಿಂದ ಚೀಲ ಎತ್ತಿಕೊಂಡಳು.

"ಎಲ್ಲಿಗಕ್ಕ?" ಪುಡಿ ಸಾಹುಕಾರ ಅಡ್ಡ ಬಂದ. "ಸಾರ್ ಮಾತಾಡ್ತಿದಾರೆ."

"ಅರ್ಧ ದಿನ ಸಂಬಳದಲ್ಲಿ ಹಿಡ್ಕೊ."

"ಅಕ್ಕ, ಹೀಗ್ ಹೋದ್ರೆ ಸೋಮವಾರ ನಿಮ್ಗೆ ಇಲ್ಲಿ..."

ಅವಳು ಅವನನ್ನು ಸುತ್ತಿಕೊಂಡು ಮುಂದೆ ಹೋದಳು. ಸೋಮವಾರ ಏನಾಗುತ್ತದೋ ಅವಳಿಗೆ ಗೊತ್ತಿರಲಿಲ್ಲ. ಹಲ್ಲು ಬೇಕಾದವರು ಊರಲ್ಲಿ ಇರುವವರೆಗೆ ಕೈ ಉಪವಾಸ ಬೀಳುವುದಿಲ್ಲ ಎಂದಷ್ಟೇ ಗೊತ್ತಿತ್ತು. ಹಿಂದೆ ದೊಡ್ಡ ಡಾಕ್ಟರ ದನಿ, ಇನ್ನೂ ತಗ್ಗಿಸಿಕೊಂಡು, ಇನ್ನೂ ಸಿಹಿಯಾಗಿ ಬರುತ್ತಿತ್ತು.

"ಕಡಿಮೆ ಅನ್ನಿಸ್ತಾ? ಅರವತ್ತು ಮಾಡೋಣ. ಹಲ್ಲಕ್ಕ, ಕೇಳಿ ಇಲ್ಲಿ. ಅರವತ್ತೈದು. ನಾನು ಹೇಳೋದು ಏನಂದ್ರೆ..."

ಅಷ್ಟು ಹೊತ್ತಿಗೆ ಅವಳು ಬಾಗಿಲು ದಾಟಿ ಬಸ್ ನಿಲ್ದಾಣದ ಕಡೆ ಬಿರಬಿರನೆ ನಡೆಯುತ್ತಿದ್ದಳು.